ಎರಡನೇ ಚರಣ

ಬೇಲಾಪುರ
೧೨ ಆಗಸ್ಟ್ ೨೦೨೪

ಅಮ್ಮನಿಗೆ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡ. ಗಂಟಲಿನ ಆಪರೇಷನ್ ಸರಿಯಾಗಿಯೇ ಆಗಿದೆ, ಗಂಟು ತೆಗೆದಿದ್ದಾರೆ. ಆದರೆ ಇನ್ನು ಕೆಲವು ವಾರ ಪಿಸುಮಾತು ಕೂಡ ಆಡಬಾರದಂತೆ. ನೀನು ಫೋನ್ ಮಾಡಿ "ಹೂಂ ಅಂತ ಹೇಳು, ಸಾಕು" ಎನ್ನುತ್ತೀ; ಡಾಕ್ಟರ ಪ್ರಕಾರ ಹೂಂ ಎನ್ನುವುದೂ ಮಾತೇ. ನಿನಗೆ ಮೊಬೈಲಿನಲ್ಲಿ ಟೈಪ್ ಮಾಡಲು ಬೇಜಾರು. ಹಾಗಾಗಿ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಕಲಿತ ಕನ್ನಡ ಇನ್ನೂ ಕೈಯಲ್ಲಿ ಉಳಿದಿದೆ ಎಂದು ನನಗೇ ಆಶ್ಚರ್ಯ.

ಶರ್ಮಿಳಾಳಂಥ ಗೆಳತಿಯ ಮನೆಗೆ ಬಂದದ್ದು ಒಳ್ಳೆಯದಾಯಿತು. ಅವಳು ಆಫೀಸಿಗೆ ಹೋದ ಮೇಲೆ ಸಂಜೆಯವರೆಗೆ ನನ್ನನ್ನು ಮಾತಾಡಿಸುವವರಿಲ್ಲ. ಡೊಂಬಿವಲಿಯಲ್ಲಿದ್ದರೆ ಅಪ್ಪನ ಹೋಟೆಲಿನವರು, ಸೊಸೈಟಿಯವರು ಎಲ್ಲ ಬಂದು ನನ್ನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ನಮ್ಮ 'ಗೂಡುದೀಪ' ಬ್ಯಾಂಡಿನ ಮೊದಲ ಆಲ್ಬಮ್ಮಿಗೆ ಕೊನೆಯದಾಗಿ ರೆಕಾರ್ಡ್ ಮಾಡಿದ್ದು 'ಹೊಳೆ ದಾಟುವವಳೇ'. ನೀನು ಕಲಿಸಿದ್ದು, ಅಜ್ಜಿ ಮದುವೆಮನೆಗಳಲ್ಲಿ ಹೆಣ್ಣೊಪ್ಪಿಸುವಾಗ ಹಾಡುತ್ತಿದ್ದದ್ದು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಠಾಣೆಯ ಸ್ಟುಡಿಯೋದಲ್ಲಿ ಅದನ್ನು ಹಾಡಿದೆ. ಎರಡನೇ ಚರಣದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ದನಿ ಹರಿದ ಬಟ್ಟೆಯ ಹಾಗಾಯಿತು. ಮತ್ತೆ ಹಾಡುತ್ತೇನೆಂದೆ. ಕಶ್ಯಪ, "ಚೆನ್ನಾಗಿಯೇ ಬಂತು ಮಾರಾಯ್ತಿ, ಹೋಗಿ ರೆಸ್ಟ್ ತಗೋ" ಎಂದ.

ಅಮ್ಮ, ಕಶ್ಯಪನನ್ನು ನಾನು ಶಾಲೆಯಿಂದ ಬಲ್ಲೆ. ಗಿಟಾರಿನ ಒಂದು ತಂತಿ ತುಸು ಇಳಿದಿದ್ದರೂ ಇಡೀ ಹಾಡನ್ನು ಮತ್ತೆ ನುಡಿಸುವವನು ಅವನು. ನನಗೆ ಮಾತ್ರ ಮೊದಲ ಸಲಕ್ಕೇ ಚೆನ್ನಾಗಿದೆ ಎನ್ನುತ್ತಾನೆಯೇ? ಪಕ್ಕದಲ್ಲಿ ಕಲ್ಯಾಣದ ಅನುಷ್ಕಾ ಇದ್ದಳು, ನನ್ನ ಹಿಂದೆ ದನಿಗೂಡಿಸುವ ಹುಡುಗಿ. ಅವಳು ನೆಲ ನೋಡುತ್ತಿದ್ದಳು. ಅವನು ಮನೆಯ ಕಡೆ ಬಂದರೆ ಏನು ಹೇಳುತ್ತಾನೆಂದು ನನಗೆ ಬರೆ.

ಮಾತು ಬಾರದ ನಿನ್ನ ಮಗಳು,
ಶ್ರೀವಾಣಿ


ಡೊಂಬಿವಲಿ ಪೂರ್ವ
೨೪ ಆಗಸ್ಟ್ ೨೦೨೪

ಚಿ. ವಾಣಿಗೆ ಅಮ್ಮನ ಆಶೀರ್ವಾದ.

ಕಾಗದ ಬಂತು. ಅಕ್ಷರ ಚೆನ್ನಾಗಿದೆ, 'ಳ' ಮಾತ್ರ ಹೊಟ್ಟೆ ಉಬ್ಬಿಸಿ ಬರೆಯುತ್ತೀ. ಬಿಸಿನೀರು ಕುಡಿಯುತ್ತಿದ್ದೀಯಾ? ಅಳಬೇಡ, ಅತ್ತರೂ ಗಂಟಲಿಗೆ ಆಯಾಸ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದಾರೆ. ಆ ದಿನ ಆಸ್ಪತ್ರೆಯಲ್ಲಿ ನೀನು ಚೀಟಿಯಲ್ಲಿ "ಮೊದಲಿನ ದನಿ ಬಾರದಿದ್ದರೆ?" ಎಂದು ಬರೆದು ತೋರಿಸಿದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಬರುತ್ತದೆ. ಬರದೆ ಎಲ್ಲಿ ಹೋಗುತ್ತದೆ?

ಕಶ್ಯಪ ಬಂದಿದ್ದ. ಎರಡನೇ ಚರಣದ ಸಾಹಿತ್ಯ ಸರಿಯಾಗಿ ಹೇಳಿ ಆಂಟಿ ಎಂದ, ಆಲ್ಬಮ್ಮಿನ ಜತೆ ಅಚ್ಚು ಹಾಕಿಸಲಿಕ್ಕಂತೆ. ಹೇಳಿಕೊಟ್ಟೆ. "ಅಂಗಳದ ದೀಪಕ್ಕೆ ಎಣ್ಣೆ ನಾ ಹೊಯ್ಯುವೆ, ನಿನ್ನ ಕಣ್ಣೀರು ನೀನೇ ಒರೆಸಿಕೋ ಮಗಳೇ" ಎಂಬಲ್ಲಿ ಅವನು 'ಒರೆಸುವೆ' ಎಂದು ಬರೆದುಕೊಂಡಿದ್ದ. ತಾಯಿ ಒರೆಸುವುದಿಲ್ಲವೋ, ಮಗಳೇ ಒರೆಸಿಕೊಳ್ಳಬೇಕು, ಅದೇ ಹಾಡು ಎಂದು ತಿದ್ದಿದೆ. ನಿನ್ನ ಬಗ್ಗೆ ಕಾಳಜಿಯಿಂದಲೇ ಮಾತಾಡಿದ. ಬೇರೆ ಏನೂ ಹೇಳಲಿಲ್ಲ.

ಕಳೆದ ವಾರ ಒಂದು ಮಧ್ಯಾಹ್ನ ಠಾಣೆಗೆ ಹೋಗಿದ್ದೆ, ನಮ್ಮ ಮಹಿಳಾ ಮಂಡಳದ ಪದ್ಮಾವತಿಯ ಮಗಳಿಗೆ ಸೀರೆ ನೋಡಲಿಕ್ಕೆ. ವಾಪಸು ಬರುವಾಗ ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತು. ಮನಸ್ಸಿಗೆ ಯಾಕೋ ಹಗುರವಾಗಿತ್ತು.

ಇಲ್ಲಸಲ್ಲದ್ದು ಯೋಚಿಸಿ ಆರೋಗ್ಯ ಕೆಡಿಸಿಕೊಳ್ಳಬೇಡ.

ನಿನ್ನ ದಾರಿ ನೋಡುತ್ತ,
ಅಮ್ಮ


ಬೇಲಾಪುರ
೧೮ ನವೆಂಬರ್ ೨೦೨೪

ಅಮ್ಮಾ,

ಈಗ ಮಾತಾಡಬಹುದು, ನಿನಗೆ ಗೊತ್ತು. ಭಾನುವಾರ ಫೋನಿನಲ್ಲಿ ಮಾತಾಡಿದೆವಲ್ಲ. ಆದರೆ ಈ ವಿಷಯ ಎತ್ತಿದ ಕೂಡಲೇ ನೀನು "ಕುಕ್ಕರ್ ಕೂಗ್ತಾ ಉಂಟು" ಎಂದು ಇಟ್ಟುಬಿಟ್ಟೆ. ಕುಕ್ಕರಿನ ಸದ್ದು ನನಗೆ ಕೇಳಿಸಲಿಲ್ಲ. ಕಾಗದವಾದರೆ ನೀನು ಕೊನೆಯವರೆಗೆ ಓದುತ್ತೀ.

ಆಲ್ಬಮ್ಮಿಗೆ ಇಷ್ಟು ಒಳ್ಳೆಯ ಸ್ವಾಗತ ಸಿಗುತ್ತದೆಂದು ನಾವು ಯಾರೂ ಎಣಿಸಿರಲಿಲ್ಲ. ಶರ್ಮಿಳಾಳ ಆಫೀಸಿನಲ್ಲಿ ಕನ್ನಡ ಬಾರದ ಹುಡುಗರು ಕೂಡ ಕೇಳುತ್ತಿದ್ದಾರಂತೆ. ಒಂದು ಮರಾಠಿ ಪತ್ರಿಕೆಯಲ್ಲಿ ಅರ್ಧ ಪುಟ ವಿಮರ್ಶೆ ಬಂದಿದೆ. ಡ್ರಮ್ಮಿನ ಸದ್ದು ಕೆಲವು ಕಡೆ ಹೆಚ್ಚಾಯಿತು ಎಂದಿದ್ದಾರೆ, ಅದು ನಿಜವೇ. ಕೊನೆಗೆ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಇಡೀ ಆಲ್ಬಮ್ಮಿನ ಜೀವ 'ಹೊಳೆ ದಾಟುವವಳೇ'ಯ ಎರಡನೇ ಚರಣ. ಗಿಟಾರು, ಡ್ರಮ್ಮು ಎಲ್ಲ ನಿಂತು ದನಿಯೊಂದೇ ಉಳಿದಾಗ, ಗಾಯಕಿ 'ಕಣ್ಣೀರು' ಎಂಬ ಶಬ್ದದ ನಡುವೆ ಉಸಿರು ತೆಗೆದುಕೊಳ್ಳುತ್ತಾಳೆ. ಇಷ್ಟು ಚಿಕ್ಕ ವಯಸ್ಸಿನ ಗಾಯಕಿಗೆ ಆ ಉಸಿರು ಎಲ್ಲಿಂದ ಬಂತು?"

ಓದಿ ಸಂತೋಷಪಟ್ಟೆ. ಆಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಅಮ್ಮ, ನಾನು ಅಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ. ಶಬ್ದ ಒಡೆದು ಉಸಿರೆಳೆಯಬಾರದು ಎಂದು ನನ್ನ ಸಂಗೀತದ ಟೀಚರ್ ಚಿಕ್ಕಂದಿನಲ್ಲೇ ತಿದ್ದಿದ್ದರು. ದನಿ ನನ್ನದರಂತೆಯೇ ಇದೆ. ಮೊದಲನೇ ಚರಣ ನನ್ನದೇ. ಎರಡನೆಯದನ್ನು ಎಷ್ಟು ಸಲ ಕೇಳಿದರೂ, ನನ್ನ ಫೋಟೋಕ್ಕೆ ಬೇರೆ ಯಾರದೋ ಕಣ್ಣು ಅಂಟಿಸಿದ ಹಾಗೆ.

ನನ್ನ ಬೆನ್ನ ಹಿಂದೆ ಯಾರಿಂದಲೋ ಹಾಡಿಸಿದ್ದಾರೆ. ಜನ ಮೆಚ್ಚುತ್ತಿರುವುದು ಅವಳನ್ನು. ಹೆಸರು ಮಾತ್ರ ನನ್ನದು. ನನ್ನ ದನಿ ಈಗ ಮೊದಲಿಗಿಂತ ತಗ್ಗಿದೆ. ಒಂದು ದಿನ "ಇವಳೇಕೆ, ಅವಳೇ ಇದ್ದಾಳಲ್ಲ" ಎಂದು ನನ್ನನ್ನು ಹೊರಗಿಡಲು ಇದು ದಾರಿಯೋ ಏನೋ.

ವಾಣಿ


ಡೊಂಬಿವಲಿ ಪೂರ್ವ
೨೬ ನವೆಂಬರ್ ೨೦೨೪

ಪ್ರೀತಿಯ ವಾಣಿ,

ಇಲ್ಲಿಯೂ ನಿನ್ನ ಆಲ್ಬಮ್ಮಿನದೇ ಮಾತು. ಮಹಿಳಾ ಮಂಡಳದ ಸಭೆಯಲ್ಲಿ ಪದ್ಮಾವತಿ ಎದ್ದು, "ಹೆಣ್ಣೊಪ್ಪಿಸುವ ಹಾಡಿಗೆ ಕರೆಂಟಿನ ಗಿಟಾರು ಬೇಕಿತ್ತಾ? ನಮ್ಮ ಹಿರಿಯರು ಕೇಳಿದ್ರೆ ಎದೆ ಒಡೆದುಕೊಳ್ತಿದ್ರು" ಎಂದಳು. ಪಕ್ಕದಲ್ಲಿದ್ದ ಸೊಸೆ, "ಮೊನ್ನೆ ನೀವೇ ಕೇಳಿ ಕಣ್ಣು ಒರೆಸಿಕೊಂಡಿರಲ್ಲ ಅತ್ತೆ" ಎಂದಳು. ಎಲ್ಲರೂ ನಕ್ಕರು. ಪದ್ಮಾವತಿ, "ಅದು ಎರಡನೇ ಚರಣಕ್ಕೆ. ಅಲ್ಲಿ ಗಿಟಾರಿಲ್ಲ" ಎಂದಳು. ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಚಹದ ಲೋಟ ತೆಗೆದುಕೊಂಡು ಒಳಗೆ ಹೋದೆ.

ನೀನು ಬರೆದದ್ದನ್ನು ಕೊನೆಯವರೆಗೆ ಓದಿದೆ. ಕಾಯಿಲೆಯ ಗಂಟಲಿನಲ್ಲಿ ಹಾಡಿದ್ದೀ, ಉಸಿರು ತಾನಾಗಿ ನಿಂತಿರಬಹುದು. ಮೆಷಿನಿನಲ್ಲಿ ಏನೇನೋ ಮಾಡುತ್ತಾರಂತೆ, ಅದರಿಂದಲೂ ದನಿ ಬೇರೆಯಾಗಿ ಕೇಳಬಹುದು. ಇನ್ನು ಯಾರಾದರೂ ಒಂದು ಸಾಲಿಗೆ ಕೈ ಹಚ್ಚಿದ್ದರೂ ಏನಾಯಿತು? ಒಂದು ಮದುವೆಯಲ್ಲಿ ಒಬ್ಬಳು ಹಾಡು ಎತ್ತಿದರೆ ಇನ್ನೊಬ್ಬಳು ಮುಂದುವರಿಸುತ್ತಾಳೆ. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ.

ನಿನ್ನನ್ನು ಹೊರಗಿಡುವ ಯೋಚನೆ ಅಲ್ಲಿ ಯಾರಿಗೂ ಇಲ್ಲ. ಇದನ್ನು ಇಲ್ಲಿಗೇ ಬಿಡು ಮಗಾ.

ಅಮ್ಮ


ಬೇಲಾಪುರ
೧೫ ಡಿಸೆಂಬರ್ ೨೦೨೪

ಅಮ್ಮಾ,

"ಅಲ್ಲಿ ಯಾರಿಗೂ ಇಲ್ಲ" ಎಂದು ಬರೆದಿದ್ದೀ. ಅಲ್ಲಿ ಏನಿದೆ, ಏನಿಲ್ಲ ಎಂದು ನಿನಗೆ ಹೇಗೆ ಗೊತ್ತು?

ನಿನ್ನೆ ಕಶ್ಯಪನನ್ನು ಠಾಣೆಯ ತಲಾವ್‌ಪಾಳಿಗೆ ಕರೆಸಿದೆ. ಕೆರೆಯ ದಂಡೆಯಲ್ಲಿ ಕೂತು ನೇರವಾಗಿಯೇ ಕೇಳಿದೆ. ಅವನು ದೋಣಿಗಳನ್ನು ನೋಡುತ್ತ, "ಹಾಡು ಗೆದ್ದಿತಲ್ಲ ವಾಣಿ, ಮತ್ತೆ ಎಂತಕ್ಕೆ?" ಎಂದ.

"ಹೌದು ಅಥವಾ ಅಲ್ಲ, ಅಷ್ಟು ಹೇಳು. ಆ ಚರಣ ನಾನು ಹಾಡಿದ್ದಾ?"

"ಅದು ನಾನು ಹೇಳುವ ವಿಷಯ ಅಲ್ಲ."

"ಹಾಗಾದರೆ ಯಾರು ಹೇಳುವ ವಿಷಯ?"

ಎದ್ದುಹೋದ. ನನ್ನನ್ನು ಬಿಟ್ಟು ಹೋಗುವಾಗ ಅವನ ಮುಖದಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು. ಅದೇ ನನ್ನನ್ನು ಸುಟ್ಟದ್ದು.

ಅನುಷ್ಕಾ ಅಲ್ಲದೆ ಬೇರೆ ಯಾರು? ಅವಳ ದನಿಯೂ ನನ್ನ ಎತ್ತರದ್ದೇ. ಆಪರೇಷನ್ ಆಗಿ ನಾನು ಇಲ್ಲಿ ಮಲಗಿದ್ದ ವಾರ ಅವಳು ಸ್ಟುಡಿಯೋದಲ್ಲಿದ್ದಳು. ಫೋಟೋ ಹಾಕಿ, ನಾನು ಲೈಕ್ ಒತ್ತಿದ ಮೇಲೆ ತೆಗೆದುಹಾಕಿದ್ದಳು. ಈಗ ನಾನು ಕೋಣೆಗೆ ಬಂದರೆ ಮಾತು ನಿಲ್ಲಿಸುತ್ತಾಳೆ. ಶರ್ಮಿಳಾ ಕೂಡ, "ನಿನ್ನ ಜಾಗದ ಮೇಲೆ ಅವಳ ಕಣ್ಣುಂಟು" ಎನ್ನುತ್ತಾಳೆ.

ಇನ್ನೊಂದು ಮಾತು. ಕಶ್ಯಪ ನನ್ನ ಫೋನ್ ಎತ್ತುತ್ತಿಲ್ಲ. ಆದರೆ ನಿನಗೆ ಫೋನ್ ಮಾಡುತ್ತಾನೆ, ಅಪ್ಪ ಬಾಯಿ ತಪ್ಪಿ ಹೇಳಿದರು. ನೀವಿಬ್ಬರೂ ಏನು ಮಾತಾಡುತ್ತೀರಿ? ನೀನು ಯಾರ ಕಡೆ?

ವಾಣಿ


ಡೊಂಬಿವಲಿ ಪೂರ್ವ
೨೩ ಡಿಸೆಂಬರ್ ೨೦೨೪

ವಾಣಿ,

ನಿನ್ನ ಕಡೆಯೇ. ಬೇರೆ ಕಡೆ ನನಗೆ ಯಾರಿದ್ದಾರೆ?

ಅನುಷ್ಕಾಳ ಮೇಲೆ ಅನುಮಾನ ಪಡಬೇಡ. ಅವಳು ಒಳ್ಳೆಯ ಹುಡುಗಿ. ಕಾರಣ ಕೇಳಬೇಡ, ಇಷ್ಟನ್ನು ನನ್ನ ಮಾತಿಗಾಗಿ ನಂಬು.

ಕ್ರಿಸ್‌ಮಸ್ ರಜೆಗೆ ಮನೆಗೆ ಬಾ. ಪತ್ರೊಡೆ ಮಾಡುತ್ತೇನೆ, ಮಾರ್ಕೆಟಿನಲ್ಲಿ ಒಳ್ಳೆಯ ಕೆಸುವಿನ ಎಲೆ ಬಂದಿದೆ.

ಅಮ್ಮ


ಬೇಲಾಪುರ
೨೦ ಜನವರಿ ೨೦೨೫

ಅಮ್ಮಾ,

ರಜೆಗೆ ಬರಲಿಲ್ಲವೆಂದು ನಿನಗೆ ಬೇಸರವಾಗಿದೆ. ಅದಕ್ಕಿಂತ ದೊಡ್ಡ ಬೇಸರ ಈಗ ಆಗಿರುತ್ತದೆ. ಆ ಸಂದರ್ಶನ ನೋಡಿದ್ದೀ ಎಂದು ಅಪ್ಪ ಹೇಳಿದರು.

ಯೋಚಿಸಿ ಹೇಳಿದ್ದಲ್ಲ. ವಾಶಿಯ ಕಾರ್ಯಕ್ರಮಕ್ಕೆ ಮುಂಚೆ ಒಂದು ಯೂಟ್ಯೂಬ್ ಚಾನೆಲಿನವರು ಬಂದಿದ್ದರು. ನನ್ನೊಬ್ಬಳನ್ನೇ ಕೂರಿಸಿ, "ಎರಡನೇ ಚರಣ ಹಾಡುವಾಗ ಮನಸ್ಸಿನಲ್ಲಿ ಏನಿತ್ತು?" ಎಂದು ಆ ಹುಡುಗಿ ಕೇಳಿದಳು. ಇಷ್ಟು ದಿನ ನಗುತ್ತ ಏನೋ ಒಂದು ಹೇಳುತ್ತಿದ್ದೆ. ಅಂದು ಆಗಲಿಲ್ಲ. "ಅದು ನನ್ನ ದನಿಯಲ್ಲ. ಆಪರೇಷನ್ ಆಗಿ ನಾನು ಮಲಗಿದ್ದಾಗ ನನಗೆ ಹೇಳದೆ ಹಾಡಿಸಿದರು. ಅನುಷ್ಕಾಳನ್ನು ಕೇಳಿ" ಎಂದುಬಿಟ್ಟೆ.

ಹೇಳಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುದಿನದಿಂದ ಜನ ಅವಳಿಗೆ ಬರೆದದ್ದನ್ನು ನಿನಗೆ ಹೇಳಲಾರೆ. ಕಳ್ಳಿ ಎನ್ನುವುದು ಅದರಲ್ಲಿ ಮರ್ಯಾದೆಯ ಮಾತು. ಅವಳು ಕಲ್ಯಾಣದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳಲ್ಲ, ಆ ಕ್ಲಾಸಿಗೆ ಮಕ್ಕಳನ್ನು ಕಳಿಸುವುದನ್ನೂ ಕೆಲವರು ನಿಲ್ಲಿಸಿದರಂತೆ.

ಇಷ್ಟಾದರೂ ಅವಳು 'ನಾನಲ್ಲ' ಎಂದು ಎಲ್ಲೂ ಹೇಳಿಲ್ಲ. ಹಾಡದವಳಾದರೆ ಹೇಳಬೇಕಿತ್ತಲ್ಲವೇ? ಸುಮ್ಮನಿದ್ದಾಳೆಂದರೆ ಅದರ ಅರ್ಥ ಏನು? ನನ್ನನ್ನೇ ನಾನು ದಿನಾ ಹೀಗೆ ಕೇಳಿ ಒಪ್ಪಿಸಿಕೊಳ್ಳುತ್ತಿದ್ದೇನೆ. ಆದರೂ ಊಟ ಸೇರುತ್ತಿಲ್ಲ.

ನೀನು ಬೈದು ಬರೆ. ಈ ಮೌನಕ್ಕಿಂತ ಅದು ಲೇಸು.

ವಾಣಿ


ಡೊಂಬಿವಲಿ ಪೂರ್ವ
೨೫ ಜನವರಿ ೨೦೨೫

ವಾಣಿ,

ಆ ಹುಡುಗಿ ಅಲ್ಲ. ಅವಳಲ್ಲವೇ ಅಲ್ಲ. ಕೂಡಲೇ ಆ ಚಾನೆಲಿನವರಿಗೆ ಹೇಳಿ ಅದನ್ನು ತೆಗೆಸು. ಕಶ್ಯಪನಿಗೂ ಹೇಳಿದ್ದೇನೆ, ಎಲ್ಲರನ್ನೂ ಒಂದು ಕಡೆ ಕೂರಿಸು ಎಂದು. ನೀನು ಹೋಗು. ಹೋಗಲೇಬೇಕು. ಉಳಿದದ್ದನ್ನು ಆಮೇಲೆ ನಾನೇ ಹೇಳುತ್ತೇನೆ. ಈಗ ಬರೆಯಲು ಕೈ ಏಳುತ್ತಿಲ್ಲ.

ಅಮ್ಮ


ಬೇಲಾಪುರ
೩ ಫೆಬ್ರವರಿ ೨೦೨೫

ಅಮ್ಮಾ,

ನೀನು ಹೇಳುವ ಅಗತ್ಯವಿಲ್ಲ. ಗೊತ್ತಾಯಿತು.

ಭಾನುವಾರ ಎಂಐಡಿಸಿಯ ಕಾರ್ಖಾನೆಗಳ ನಡುವೆ ನಾವು ಅಭ್ಯಾಸ ಮಾಡುವ ಶೆಡ್ಡಿನಲ್ಲಿ ಎಲ್ಲರೂ ಸೇರಿದೆವು. ಪಕ್ಕದ ಕಾರ್ಖಾನೆಯ ಘಾಟು, ನನ್ನ ಗಂಟಲು ಉರಿಯುತ್ತಿತ್ತು. ಕಶ್ಯಪ ಇದ್ದ, ಡ್ರಮ್ ನುಡಿಸುವ ಸಮಿತ್ ಇದ್ದ. ಅನುಷ್ಕಾ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಕೂರಲಿಲ್ಲ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಮರಾಠಿ. "ಮೀ ಗಾತೇ, ತೂ ಐಕ್" ಎಂದಳು. ನಾನು ಹಾಡುತ್ತೇನೆ, ನೀನು ಕೇಳು.

ಹಾಡಿದಳು. ಎರಡನೇ ಚರಣ, ವಾದ್ಯ ಇಲ್ಲದೆ. ಚೆನ್ನಾಗಿಯೇ ಹಾಡಿದಳು. ಆದರೆ 'ಕಣ್ಣೀರು' ಎಂಬುದನ್ನು ಒಂದೇ ಉಸಿರಿನಲ್ಲಿ, ನನ್ನ ಹಾಗೆ. ದನಿಯ ಬಣ್ಣವೂ ಬೇರೆ. ಆಲ್ಬಮ್ಮಿನಲ್ಲಿ ಇರುವುದು ಅವಳಲ್ಲ ಎಂದು ಒಂದು ಸಾಲಿಗೇ ತಿಳಿಯಿತು. ಮುಗಿಸಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಟುಹೋದಳು.

ಕಶ್ಯಪ, "ಈಗಲಾದರೂ ಗೊತ್ತಾಯ್ತಾ?" ಎಂದ. ನನಗೆ ಆಗ ಅಜ್ಜಿ ನೆನಪಾದರು. ಅವರಿಗೆ ದಮ್ಮು ಇತ್ತು. ನಾವು ಉಡುಪಿಗೆ ಹೋದಾಗಲೆಲ್ಲ ಕೇಳಿದ್ದೇನೆ, ಹಾಡಿನ ನಡುವೆ ಅವರ ಉಸಿರು ಕಟ್ಟುತ್ತಿತ್ತು, ಅದೇ ಜಾಗದಲ್ಲಿ. ಅವರ ಹಾಡು ಕಲಿತವಳು ಆ ಉಸಿರನ್ನೂ ಹಾಡಿನ ಭಾಗವೆಂದೇ ಕಲಿತಿದ್ದಾಳೆ. ಇಡೀ ಮುಂಬಯಿಯಲ್ಲಿ ಅಂಥವಳು ಒಬ್ಬಳೇ ಇದ್ದಾಳೆ.

ಅದು ನೀನು.

ಸೀರೆ ನೋಡಲು ಹೋಗಿದ್ದೆ ಎಂದೆ. ಮೆಷಿನ್ ಎಂದೆ. ಅನುಷ್ಕಾಳನ್ನು ಜನ ಬೈಯುವಾಗಲೂ 'ನಾನು' ಎಂಬ ಒಂದು ಶಬ್ದ ನಿನ್ನಿಂದ ಬರಲಿಲ್ಲ. ನನಗೆ ನೋವಾಗಬಾರದೆಂದು ಮುಚ್ಚಿಟ್ಟೆ ಎಂದು ಹೇಳುತ್ತೀ, ಗೊತ್ತು. ಆದರೆ ನಾನು ಈಗ ಯಾವುದನ್ನೂ ಸುಲಭವಾಗಿ ನಂಬಲಾರೆ. ನಿಜ ಹೇಳು. ನೀನು ನನಗಾಗಿ ಹಾಡಿದೆಯಾ, ನಿನಗಾಗಿ ಹಾಡಿದೆಯಾ?

ಶ್ರೀವಾಣಿ


ಡೊಂಬಿವಲಿ ಪೂರ್ವ
೧೦ ಫೆಬ್ರವರಿ ೨೦೨೫

ವಾಣಿ,

ಹೌದು, ನಾನೇ. ಹೇಗಾಯಿತೆಂದು ಹೇಳುತ್ತೇನೆ.

ನೀನು ಹಾಡಿದ್ದ ಎರಡನೇ ಚರಣ ಬಳಸುವ ಹಾಗಿರಲಿಲ್ಲ. ಬೇರೆ ಎಲ್ಲ ಸಿದ್ಧವಾಗಿತ್ತು, ನಿನ್ನ ಗಂಟಲು ಯಾವಾಗ ಸರಿಹೋಗುವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟನ್ನು ಅನುಷ್ಕಾಳಿಂದ ಹಾಡಿಸುವುದು, ನೀನು ಗುಣವಾದ ಮೇಲೆ ತಿಳಿಸುವುದು ಎಂದು ಕಶ್ಯಪ ನಿಶ್ಚಯಿಸಿದ್ದ. ಅವಳಿಗೆ ಶಬ್ದಗಳು ಸರಿಯಾಗಿ ಬರಲೆಂದು ನನ್ನನ್ನು ಸ್ಟುಡಿಯೋಗೆ ಕರೆದ. ಗಾಜಿನ ಕೋಣೆಯಲ್ಲಿ ನಾನೂ ಅನುಷ್ಕಾಳೂ ಇಬ್ಬರೇ ನಿಂತಿದ್ದೆವು. ಹೀಗೆ ಹಾಡಬೇಕು ಎಂದು ತೋರಿಸಲು ಕಣ್ಣು ಮುಚ್ಚಿ ಒಮ್ಮೆ ಹಾಡಿದೆ. ಕಣ್ಣು ಬಿಟ್ಟಾಗ ಗಾಜಿನ ಆಚೆ ಎಲ್ಲರೂ ಎದ್ದು ನಿಂತಿದ್ದರು. ರೆಕಾರ್ಡ್ ಮಾಡುವ ಗುರುನಾಥ ಮೆಷಿನ್ ನಿಲ್ಲಿಸಿರಲಿಲ್ಲ. ಅನುಷ್ಕಾ ನನ್ನ ಕೈ ಹಿಡಿದು, "ಕಾಕೂ, ಹೇಚ್ ಠೇವೂಯಾ" ಎಂದಳು. ಆಂಟಿ, ಇದನ್ನೇ ಇಡೋಣ ಎಂದು. ತನಗೆ ಸಿಗಬೇಕಾದ ಜಾಗವನ್ನು ಆ ಹುಡುಗಿ ಹಾಗೆ ಬಿಟ್ಟುಕೊಟ್ಟಳು.

ಆಮೇಲೆ ಅದನ್ನು ಕೇಳಿಸಿದರು. ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಯಾರೋ ಹೆಂಗಸು ಹಾಡುತ್ತಿದ್ದಾಳೆ, ಚೆನ್ನಾಗಿ ಹಾಡುತ್ತಾಳಲ್ಲ ಎನಿಸಿತು.

ವಾಣಿಗೆ ಹೇಳಬೇಡಿ, ಅವಳು ಎದೆಗುಂದುತ್ತಾಳೆ ಎಂದು ಎಲ್ಲರಿಂದ ಮಾತು ತೆಗೆದುಕೊಂಡವಳು ನಾನೇ. ಅನುಷ್ಕಾ ಆ ಮಾತಿಗೆ ಕಟ್ಟುಬಿದ್ದು ಬೈಗಳು ತಿಂದಳು. ಅವಳಿಗೆ ಫೋನ್ ಮಾಡಿ, ಹೇಳಿಬಿಡು ಮಗಾ ಎಂದೆ. "ತುಮ್ಹೀ ಸಾಂಗಾ, ಕಾಕೂ" ಎಂದಳು. ನೀವೇ ಹೇಳಿ ಎಂದು. ಸರಿಯಾದ ಮಾತು. ನನಗೆ ಧೈರ್ಯ ಸಾಲಲಿಲ್ಲ. ನಿನ್ನ ಅಪ್ಪನಿಗೂ ಇದು ಗೊತ್ತಿಲ್ಲ.

ನೀನು ಕೇಳಿದ ಪ್ರಶ್ನೆ. ಸ್ಟುಡಿಯೋಗೆ ಹೋದದ್ದು ನಿನಗಾಗಿ. ಹಾಡಿದ್ದು ಆ ಹುಡುಗಿಗೆ ಕಲಿಸಲಿಕ್ಕೆ. ಆದರೆ 'ಬೇಡ, ಅಳಿಸಿ' ಎಂದು ಹೇಳಬೇಕಾದಾಗ ಹೇಳಲಿಲ್ಲವಲ್ಲ, ಅದು ನನಗಾಗಿ. ನಿನ್ನ ಹೆಸರಿನ ಕೆಳಗಾದರೂ ಅದು ಇರಲಿ ಎನಿಸಿತು. ಇದನ್ನು ಬರೆದ ಮೇಲೆ ನಿನ್ನ ಮುಖ ಹೇಗೆ ನೋಡುವುದೋ ತಿಳಿಯದು.

ಗಂಗಾ


ಬೇಲಾಪುರ
೨೪ ಫೆಬ್ರವರಿ ೨೦೨೫

ಅಮ್ಮಾ,

ನಿನ್ನ ಕಾಗದ ಹಲವು ಸಲ ಓದಿದೆ. ಮೊದಮೊದಲು ಸಿಟ್ಟು ಬಂತು. ಆಮೇಲೆ ಕೆಳಗೆ 'ಅಮ್ಮ' ಎಂದು ಬರೆಯದೆ ಹೆಸರು ಬರೆದಿದ್ದೀ ಎಂಬುದು ಕಣ್ಣಿಗೆ ಬಿತ್ತು. ನಿನ್ನ ಹೆಸರನ್ನು ನಿನ್ನ ಕೈಬರಹದಲ್ಲಿ ನಾನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ.

ಚಾನೆಲಿನವರು ಸಂದರ್ಶನ ತೆಗೆದರು. ತೆಗೆದರೇನು, ಅದರ ತುಂಡುಗಳು ಎಲ್ಲ ಕಡೆ ಹರಡಿವೆ. ಶನಿವಾರ ಕಲ್ಯಾಣಕ್ಕೆ ಹೋದೆ. ಅನುಷ್ಕಾಳ ಅಮ್ಮ ಬಾಗಿಲು ತೆರೆದು, ನೀರು ಕೊಟ್ಟು ಅಡುಗೆಮನೆಗೆ ಹೋದರು. ಅವಳು ಒಳಗಿನಿಂದ ಬಂದು ಎದುರು ಕೂತಳು. ನನ್ನ ಮುರುಕು ಮರಾಠಿಯಲ್ಲಿ ಕ್ಷಮೆ ಕೇಳಿದೆ. ಆಗ ಅವಳು ಕನ್ನಡದಲ್ಲಿ ಮಾತಾಡಿದಳು, ಮೊದಲ ಸಲ, ತಡೆದು ತಡೆದು.

"ಮಾಫ್ ಮಾಡಿದ್ದೇನೆ. ನಿನಗೆ ಹುಷಾರಿರಲಿಲ್ಲ, ಅದು ಗೊತ್ತುಂಟು. ಆದ್ರೆ ಬ್ಯಾಂಡಿಗೆ ಬರುವುದಿಲ್ಲ."

"ಎಲ್ಲರ ಎದುರು ಹೇಳ್ತೇನೆ ಅನುಷ್ಕಾ, ತಪ್ಪು ನನ್ನದು ಅಂತ."

"ಹೇಳು. ಹೇಳ್ಬೇಕು. ಆದ್ರೂ ನಿನ್ನ ಪಕ್ಕ ನಿಂತು ಹಾಡುವಾಗ ನಾನು ನಿನ್ನ ಮುಖ ನೋಡ್ತಾ ಇರ್ತೇನೆ, ಈಗ ಇವಳು ನನ್ನ ಬಗ್ಗೆ ಎಂತ ಯೋಚಿಸ್ತಾ ಇದ್ದಾಳೆ ಅಂತ. ಹಾಗೆ ಹಾಡ್ಲಿಕ್ಕೆ ಆಗುವುದಿಲ್ಲ."

ಇಷ್ಟು ತಿಂಗಳು ನಾನು ಹಾಗೆಯೇ ಬದುಕಿದೆ, ಎಲ್ಲರ ಮುಖ ನೋಡುತ್ತ. ಅದನ್ನು ಅವಳಿಗೆ ಅಂಟಿಸಿ ಬಂದೆ.

ನಿನ್ನನ್ನು ಒಂದು ಕೇಳುತ್ತೇನೆ. ನನ್ನ ಕ್ಷಮಾಪಣೆ ನಾನು ಬರೆದು ಹಾಕಿದ್ದೇನೆ, ಆದರೆ ಜನ ನಂಬುವುದಿಲ್ಲ. ಬ್ಯಾಂಡಿನವರು ಹೆದರಿಸಿ ಬರೆಸಿದ್ದಾರೆ ಎನ್ನುತ್ತಾರೆ. ನೀನು ಬಾಯಿಬಿಟ್ಟು ಹೇಳಬೇಕು, ನಿನ್ನ ದನಿಯಲ್ಲಿ. ಹೇಳುವ ಮುಂಚೆ ಅಪ್ಪನಿಗೆ ನೀನೇ ತಿಳಿಸು. ಯೂಟ್ಯೂಬಿನಿಂದ ಅವರಿಗೆ ಗೊತ್ತಾಗಬಾರದು.

ಆಲ್ಬಮ್ಮಿನಲ್ಲಿ ಆ ಹಾಡಿನ ಕೆಳಗೆ ನಿನ್ನ ಹೆಸರು ಸೇರಿಸಲು ಕಶ್ಯಪನಿಗೆ ಹೇಳಿದ್ದೇನೆ. ನಿನ್ನನ್ನು ಕೇಳಲಿಲ್ಲ ಎಂದು ಸಿಟ್ಟಾಗಬೇಡ. ನೀವೂ ನನ್ನನ್ನು ಕೇಳಿರಲಿಲ್ಲ.

ನಿನ್ನ ವಾಣಿ


ಡೊಂಬಿವಲಿ ಪೂರ್ವ
೧೨ ಮಾರ್ಚ್ ೨೦೨೫

ಪ್ರೀತಿಯ ವಾಣಿ,

ಕಶ್ಯಪ ಮನೆಗೇ ಬಂದು ರೆಕಾರ್ಡ್ ಮಾಡಿಕೊಂಡ. "ಎರಡನೇ ಚರಣ ಹಾಡಿದವಳು ನಾನು, ಶ್ರೀವಾಣಿಯ ತಾಯಿ ಗಂಗಾ. ಅನುಷ್ಕಾ ನನ್ನ ಮಾತು ಉಳಿಸಲು ಸುಮ್ಮನಿದ್ದಳು" ಎಂದೆ, ಕನ್ನಡದಲ್ಲೂ ಮರಾಠಿಯಲ್ಲೂ. ಮರಾಠಿಯಲ್ಲಿ ತಪ್ಪಾಯಿತು, ಇರಲಿ ಬಿಡಿ ಎಂದ. ನೀನು ಕೇಳಿರುತ್ತೀ. ಅನುಷ್ಕಾಳ ಕ್ಲಾಸಿಗೆ ಕೆಲವು ಮಕ್ಕಳು ಮರಳಿ ಬಂದಿದ್ದಾರಂತೆ. ಎಲ್ಲರೂ ಬಂದಿಲ್ಲ.

ನಿನ್ನ ಅಪ್ಪನಿಗೆ ಅದರ ಹಿಂದಿನ ದಿನವೇ ಹೇಳಿದ್ದೆ. ಮಧ್ಯಾಹ್ನ ಹೋಟೆಲಿನಿಂದ ಬಂದು ಊಟಕ್ಕೆ ಕೂತಿದ್ದರು. ಸಾರು ಬಡಿಸುತ್ತ, "ವಾಣಿಯ ಆಲ್ಬಮ್ಮಿನಲ್ಲಿ ಒಂದು ಕಡೆ ಹಾಡಿದ್ದು ನಾನು" ಎಂದೆ. ತಲೆಯೆತ್ತದೆ, "ಗೊತ್ತುಂಟು" ಎಂದರು.

"ಕಶ್ಯಪ ಹೇಳಿದನಾ?"

"ಯಾರೂ ಹೇಳ್ಲಿಲ್ಲ. ಹೋಟೆಲಿನಲ್ಲಿ ಮೊದಲ ಸಲ ಹಾಕಿದಾಗ್ಲೇ ಗೊತ್ತಾಯ್ತು. ಇಷ್ಟು ವರ್ಷ ಕೇಳಿದ ದನಿ ಗೊತ್ತಾಗುದಿಲ್ವಾ?"

ನನ್ನ ಕೈಯಲ್ಲಿ ಸೌಟು ಹಾಗೆಯೇ ಉಳಿಯಿತು. ವಾಣಿ, ನಾನು ಇವರ ಎದುರು ಹಾಡುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಅಡುಗೆಮನೆಯಲ್ಲಿ ಹಾಡುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತರು. ನನಗೆ ನಾಚಿಕೆಯಾಗಿ ನಿಲ್ಲಿಸಿದೆ. ಇವರು ಏನೂ ಹೇಳದೆ ತಿರುಗಿ ಹೋದರು. ಇಷ್ಟವಾಗಲಿಲ್ಲ ಎಂದುಕೊಂಡೆ. ಅಂದಿನಿಂದ ಇವರು ಹೋಟೆಲಿಗೆ ಹೋದ ಮೇಲಷ್ಟೇ ಹಾಡುವುದು. ಅದನ್ನು ಹೇಳಿದೆ.

"ಎಲ್ಲಿ ಕೇಳಿದಿರಿ ನೀವು?"

"ಮೆಟ್ಟಿಲಲ್ಲಿ." ಅನ್ನ ಕಲಸುತ್ತ ಹೇಳಿದರು. "ಒಳಗೆ ಬಂದ್ರೆ ನೀನು ನಿಲ್ಲಿಸ್ತಿ ಅಂತ ಗೊತ್ತಾಗಿತ್ತಲ್ಲ. ಹೊರಟ ಹಾಗೆ ಮಾಡಿ ಸ್ವಲ್ಪ ಹೊತ್ತು ಮೆಟ್ಟಿಲಲ್ಲಿ ನಿಲ್ತಿದ್ದೆ. ತಡ ಆಗ್ತದೆ ಅಂತ ಹೋಟೆಲಿನ ಮನೀಶ ಬೈತಿದ್ದ."

ಇಷ್ಟು ವರ್ಷ ನಾನು ಇವರ ಬಗ್ಗೆ ಏನೇನೋ ಅಂದುಕೊಂಡು ಬದುಕಿದೆ. ನಿನ್ನ ಅನುಮಾನಕ್ಕೆ ನಾನು ಬುದ್ಧಿ ಹೇಳುತ್ತಿದ್ದೆ.

ಮೊನ್ನೆ ಇವರು ಪೇಪರ್ ಓದುತ್ತ ಕೂತಿದ್ದಾಗ ಹಾಡಲು ನೋಡಿದೆ. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಇವರು ಪೇಪರ್ ಮಡಚಿಟ್ಟು, "ತರಕಾರಿ ತರ್ತೇನೆ" ಎಂದು ಚೀಲ ತೆಗೆದುಕೊಂಡು ಬಾಗಿಲು ಎಳೆದುಕೊಂಡರು. ಚಪ್ಪಲಿಯ ಸದ್ದು ಕೆಳಗಿಳಿದು ಹೋಗುವುದನ್ನು ಕಾದೆ. ಅದು ಕೇಳಿಸಲಿಲ್ಲ.

ನ್ಯಾಪ್‌ಕಿನ್ನಿಗೆ ಕೈ ಒರೆಸಿಕೊಂಡು ಬಾಗಿಲ ತನಕ ಹೋದೆ. ತೆರೆದು ನೋಡಲಿಲ್ಲ. ವಾಪಸು ಬಂದು ಒಲೆ ಸಣ್ಣಗೆ ಮಾಡಿ, ಹಾಡಿದೆ.

ನಿನ್ನ ಅಮ್ಮ,
ಗಂಗಾ